ಒಂದೇ ಎಳೆತಕ್ಕೆ ಬಿಚ್ಚುವ ಹೊಲಿಗೆ

ರಾಯದುರ್ಗದಲ್ಲಿ ಯಾರಿಗೂ ಹೆದರದೆ, ಕಣ್ಣಿನ ಡಾಕ್ಟರಿಗೆ ಮಾತ್ರ ಹೆದರಿದ ನನ್ನ ಅಪ್ಪನಿಗೆ,

ನನಗೆ ಭಯವಾಗಿದೆ ಅಪ್ಪ. ಬದುಕಿರುವವರಲ್ಲಿ ಯಾರಿಗೆ ಹೇಳಿದರೂ ಏನಾದರೊಂದು ಹೋಗುತ್ತದೆ. ತಂಡಕ್ಕೆ ಹೇಳಿದರೆ ನನ್ನ ಜಾಗ, ಅಮ್ಮನಿಗೆ ಹೇಳಿದರೆ ಅವಳ ನಿದ್ದೆ. ನಿನಗೆ ಹೇಳಿದರೆ ಏನೂ ಹೋಗುವುದಿಲ್ಲ. ಲೆಕ್ಕ ಹಾಕಿಯೇ ನಿನ್ನನ್ನು ಆರಿಸಿಕೊಂಡೆ, ಬೇಜಾರು ಮಾಡಿಕೊಳ್ಳಬೇಡ.

ಗಡಿ ಕಾಯುವ ಫೋರ್ಸ್ ಸೇರಿ ಲಡಾಖಿಗೆ ಹೋದವನು ಮೊದಲ ರಜೆಗೆ ಬಂದು, ನನ್ನನ್ನು ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿಯ ತಂಡಕ್ಕೆ ಸೇರಿಸಿಕೊಂಡಿದ್ದಾರೆ ಎಂದಾಗ ನೀನು ಜೀನ್ಸ್ ಹೊಲಿಯುವ ಯುನಿಟ್ಟಿನ ಮಿಷಿನ್ನಿನಿಂದ ತಲೆ ಎತ್ತಿರಲಿಲ್ಲ. ಕಾಲುಚೀಲದ ಹಾಗೆ ಪ್ಯಾಂಟಿನ ಕಾಲುಗಳು ನಿನ್ನ ಎಡಕ್ಕೆ ಗುಡ್ಡೆ ಬಿದ್ದಿದ್ದವು. "ಮಂಜಿನ ಮ್ಯಾಲ ನಿಂತು ಬಡದಾಡಾಕ ಪಗಾರ ಕೊಡ್ತಾರೇನೋ?" ಎಂದೆ ನೀನು. ಕೊಡುತ್ತಾರೆ ಎಂದೆ ನಾನು. "ಹಂಗಾರ ಬೀಳೋದು ಕಲಿ ಮೊದಲು," ಎಂದೆ ನೀನು. ಕಬ್ಬಿನ ಹಾಲಿನ ಗಾಡಿಯಲ್ಲಿ ಬಿಟ್ಟರೆ ಮಂಜುಗಡ್ಡೆಯನ್ನೇ ಕಾಣದ ಊರಿನವನು ನಾನು. ಮೊದಲ ಚಳಿಗಾಲವಿಡೀ ಕಲಿತದ್ದು ಅದೊಂದನ್ನೇ.

ನಾನು ನಾಯಕನಾದದ್ದು ಆಟದಿಂದಲ್ಲ, ಬಾಯಿಂದ. ಇದನ್ನು ನಿನಗೂ ಹೇಳಿರಲಿಲ್ಲ. ಸ್ಕೇಟಿನ ಮೇಲೆ ಹುಟ್ಟಿದವರಂಥ ಲಡಾಖಿ ಹುಡುಗರ ನಡುವೆ ನನ್ನ ಕಾಲು ಯಾವತ್ತೂ ಅರ್ಧ ಗಳಿಗೆ ತಡ. ಆದರೆ ಹಿಂದಿಯಲ್ಲಿ ಕೂಗಿದರೆ ಎದುರಿನವರಿಗೂ ಅರ್ಥವಾಗುತ್ತದೆ, ಲಡಾಖಿಯಲ್ಲಿ ಕೂಗಿದರೆ ಅವರಲ್ಲೂ ಲಡಾಖಿಗಳಿದ್ದಾರೆ. ನಮ್ಮ ಭಾಷೆ ಮಾತ್ರ ಅಲ್ಲಿ ಯಾರಿಗೂ ಬಾರದು. ಎಡಕ್ಕ, ಬಲಕ್ಕ, ತಡಿ, ಬಿಡು. ನಾಲ್ಕೇ ಮಾತು ಕಲಿಸಿದೆ. ಗೋಲಿನ ಮುಂದೆ ನನ್ನ ಪಕ್ಕದಲ್ಲೇ ನಿಂತು ಎದುರಾಳಿಗಳನ್ನು ತಡೆಯುವ ನವಾಂಗ್, "ಎಡಕ್ಕ" ಎನ್ನುವುದನ್ನು ರಾಯದುರ್ಗದ ಆಟೋದವರಿಗಿಂತ ಚೆನ್ನಾಗಿ ಕೂಗುತ್ತಾನೆ. ಆ ವರ್ಷವೇ ನಾವು ಸೋಲುವುದನ್ನು ಕಡಿಮೆ ಮಾಡಿದೆವು.

ನಾಯಕನ ಗುರುತಿನ ಬಟ್ಟೆಯ ಅಕ್ಷರವನ್ನು ಜೆರ್ಸಿಯ ಎದೆಗೆ ಹೊಲಿದುಕೊಡು ಎಂದು ತಂದ ದಿನ ನೀನು ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. "ಕುದುರಿ ಲಾಳ ಇದ್ದಂಗ ಐತಲ್ಲೋ ಇದು." ಇಂಗ್ಲಿಷಿನ ಸಿ, ಕ್ಯಾಪ್ಟನ್ ಎನ್ನುವುದರ ಮೊದಲ ಅಕ್ಷರ ಎಂದೆ ನಾನು. ನೀನು ಅದಕ್ಕೆ ಹಾಕಿದ್ದು ಅಕ್ಕಿ ಚೀಲದ ಬಾಯಿಗೆ ಹಾಕುವಂಥ ಸರಪಳಿ ಹೊಲಿಗೆ. ನನಗೆ ಸಿಟ್ಟು ಬಂತು. ನಾವು ಐಸಿನ ಮೇಲೆ ಉರುಳುವವರು, ಗಟ್ಟಿಯಾಗಿ ಹೊಲಿ ಎಂದೆ.

"ಈ ಕಡಿಂದ ಎಳದ್ರ ಏನ್ ಮಾಡಿದ್ರೂ ಬರಂಗಿಲ್ಲ. ಈ ತುದಿ ಹಿಡದು ಎಳದ್ರ ಒಂದ ಎಳತಕ್ಕ ಬರ್ತತಿ," ಎಂದೆ ನೀನು. ಆಮೇಲೆ ಹಲ್ಲಿನಿಂದ ದಾರ ಕತ್ತರಿಸುತ್ತಾ, "ಇದೇನ್ ನಿನ್ನ ಚರ್ಮ ಅಲ್ಲಪಾ. ಒಂದಿನ ತೆಗೀಬೇಕು. ತೆಗದಾಗ ಅಂಗಿಗೆ ತೂತು ಬೀಳಬಾರದು."

ಎಷ್ಟು ಕೆಟ್ಟದಾಗಿ ಕೇಳಿಸಿತು ಗೊತ್ತೇ ಆ ಮಾತು? ಪಟ್ಟ ಕಟ್ಟುವ ದಿನವೇ ಇಳಿಯುವ ಮಾತು.

ಹೋದ ಚಳಿಗಾಲ ನಾವು ಕಪ್ ಗೆದ್ದೆವು. ಆಗ ನೀನಿಲ್ಲದೆ ಒಂದು ವರ್ಷವಾಗಿತ್ತು. ಕೊನೆಯ ನಿಮಿಷ, ನಮಗೆ ಒಂದೇ ಗೋಲಿನ ಮುನ್ನಡೆ. ನವಾಂಗ್ "ಎಡಕ್ಕ" ಎಂದು ಕೂಗಿದ. ಕೂಗಿದನೆಂದು ಎಡಗಾಲು ಚಾಚಿದೆ, ಅಷ್ಟೇ. ಪಕ್ ಎಂದರೆ ಕಲ್ಲಿನಂಥ ರಬ್ಬರಿನ ಬಿಲ್ಲೆ. ಅದು ಮೊಣಕಾಲಿನ ಕೆಳಗೆ ಬಡಿದು ಆಚೆ ಹೋಯಿತು. ಹೆಗಲ ಮೇಲೆ ಹೊತ್ತು ಮೆರೆಸಿದರು. ನಾಯಕ ಮೈ ಒಡ್ಡಿ ಗೆಲ್ಲಿಸಿದ ಎಂದರು. ನಾನೂ ಬೇಡ ಎನ್ನಲಿಲ್ಲ. ಆದರೆ ಅಪ್ಪ, ಬಿಲ್ಲೆ ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ.

ಆಮೇಲೆ ಪುಸ್ತಕ ತೆಗೆದೆ. ನಮ್ಮ ಮೇಲೆ ಬಿದ್ದ ಪ್ರತಿ ಗೋಲನ್ನೂ ಬರೆದಿಡುವವನು ನಾನು: ಯಾವ ಕಡೆಯಿಂದ, ಯಾರ ತಪ್ಪಿಗೆ. ಬೇರೆಯವರನ್ನು ಬೈಯಲು ಇಟ್ಟುಕೊಂಡ ಪುಸ್ತಕ. ಆ ಚಳಿಗಾಲದಲ್ಲಿ ಹನ್ನೊಂದು ಗೋಲು, ಒಂಬತ್ತು ನನ್ನ ಎಡಗಡೆಯಿಂದ. ಮೂರು ಸಲ ಕೂಡಿಸಿದೆ. ಪುಸ್ತಕ ಮುಚ್ಚಿ ಪೆಟ್ಟಿಗೆಯ ತಳಕ್ಕೆ ಹಾಕಿ, ವಯಸ್ಸಾಯಿತು, ಕತ್ತು ಹಿಡಿದಿದೆ, ಹೆಲ್ಮೆಟ್ ಸರಿಯಿಲ್ಲ ಎಂದು ನನಗೆ ನಾನೇ...

ರಜೆಗೆ ಊರಿಗೆ ಬಂದವನು ಮೊನ್ನೆ ಬಳ್ಳಾರಿಯ ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ. ಅಮ್ಮನಿಗೆ ಬ್ಯಾಂಕಿನ ಕೆಲಸ ಎಂದು ಸುಳ್ಳು ಹೇಳಿದೆ. ಬಸ್ಸಿನಲ್ಲಿ ನೆಟ್ಟಗೆ ಮುಂದೆ ನೋಡುತ್ತಾ ಕೂತೆ, ಎಡಗಡೆ ಎಷ್ಟು ಕಾಣುತ್ತದೆಂದು ಪರೀಕ್ಷಿಸಲು. ಡಿ. ಹಿರೇಹಾಳ್ ನಿಲ್ದಾಣ ಬಂದದ್ದು ಕಂಡಕ್ಟರ್ ಕೂಗಿದಾಗ ತಿಳಿಯಿತು. ಓಬಳಾಪುರದ ಆ ಕೆಂಪು ಗುಡ್ಡ, ಎಡಗಡೆ ಕಿಟಕಿಯ ತುಂಬ ಇರಬೇಕಾದದ್ದು, ಕತ್ತು ಹೊರಳಿಸಿದ ಮೇಲೆಯೇ ಬಂತು.

ಡಾಕ್ಟರಮ್ಮ ಹೇಳಿದ್ದು ಇಷ್ಟು. ಎಡಗಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸಾಯುತ್ತಿದೆ. ಹೋದ ನೋಟ ಬರುವುದಿಲ್ಲ. ಇರುವುದನ್ನು ಹನಿ ಔಷಧಿಯಿಂದ ಉಳಿಸಿಕೊಳ್ಳಬಹುದು. ಕಣ್ಣಿಗೆ ಪೆಟ್ಟು ಬಿದ್ದರೆ ಅವರು ಯಾವ ಭರವಸೆಯನ್ನೂ ಕೊಡುವುದಿಲ್ಲ. "ಮನಿಯಾಗ ಯಾರಿಗನ್ನಾ ಇತ್ತೇನ್ರಿ?" ಎಂದರು. "ಇಲ್ರಿ," ಎಂದುಬಿಟ್ಟೆ. ಹೊರಗೆ ಬೆಂಚಿನ ಮೇಲೆ ಕೂತಾಗ ನಿನ್ನ ಎಡಗೈ ಹೆಬ್ಬೆರಳು ಕಣ್ಣ ಮುಂದೆ ಬಂತು. ಎರಡು ಸಲ ಸೂಜಿ ಹೊಕ್ಕ ಹೆಬ್ಬೆರಳು. ನಲವತ್ತು ವರ್ಷ ಹೊಲಿದವನ ಕೈಗೆ ಸೂಜಿ. "ಮಿಷಿನ್ ಜಿಗೀತು," ಎಂದೆ ನೀನು. ನಾವೂ ಮಿಷಿನ್ನನ್ನೇ ಬೈದೆವು. ಎಡಗಡೆಯ ಬಾಗಿಲ ಚೌಕಟ್ಟಿಗೆ ಹೆಗಲು ಬಡಿದುಕೊಂಡಾಗ ಬಾಗಿಲನ್ನು ಬೈದೆವು. ನಿನಗೆ ಗೊತ್ತಿತ್ತು, ಅಲ್ಲವೇ? ಹೇಳಿದರೆ ಮಿಷಿನ್ನಿನ ಮುಂದಿನಿಂದ ಎಬ್ಬಿಸುತ್ತಾರೆ ಎಂದು ಸುಮ್ಮನಿದ್ದೆಯಾ? ಬೈಯಲು ನನಗೆ ಯಾವ ಬಾಯಿದೆ?

ಇಲ್ಲಿಯವರೆಗೆ ನಿನ್ನೆ ರಾತ್ರಿ ಬರೆದಿಟ್ಟಿದ್ದೆ. ಇವತ್ತು ಬೆಳಿಗ್ಗೆ ಅಮ್ಮ ತಟ್ಟೆ ಇಟ್ಟಳು. ಚಟ್ನಿ ಎಡಕ್ಕಿತ್ತು. ಚಟ್ನಿ ಹಾಕಲಿಲ್ಲವಲ್ಲ ಎಂದೆ.

"ಹಾಕೀನಿ. ಕೋಳಿ ನೋಡ್ದಂಗ ತಲಿ ಹೊರಳಿಸಿ ನೋಡು, ಕಾಣ್ತತಿ," ಎಂದಳು. "ನಿಮ್ಮಪ್ಪನೂ ಹಂಗ ನೋಡ್ತಿದ್ರು."

ತಲೆ ಹೊರಳಿಸಿದೆ. ಚಟ್ನಿ ಕಂಡಿತು.

"ಕಡೀಕ ಮೂರು ವರ್ಷ ಸಂತಿಗೆ ಹೋದ್ರ ನಾನು ಅವರ ಎಡಕ್ಕ ಯಾಕ ನಡೀತಿದ್ದೆ ಅನಕಂಡಿ? ಪ್ರೀತಿ ಉಕ್ಕಿ ಅಲ್ಲ. ಲಾರಿ ಬರ್ತಾವಂತ." ದೋಸೆ ಮಗುಚಿ ಮತ್ತೆ ಹೇಳಿದಳು, "ನಾನೂ ಬಾಯಿ ಬಿಡಲಿಲ್ಲ. ಅವರು ಹೆದರತಾರಂತ. ತೆಪ್ಪಾತು. ನೀ ಹಂಗ ಮಾಡಬ್ಯಾಡ."

ಊಟದ ಹೊತ್ತಿಗೆ ನವಾಂಗನಿಗೆ ಫೋನ್ ಮಾಡಿದೆ. ಮುಂದಿನ ವಾರ ಕ್ಯಾಂಪ್ ಶುರು. ಹದಿನೇಳು ವರ್ಷ ಡ್ರೆಸ್ಸಿಂಗ್ ರೂಮಿನಲ್ಲಿ ಮಾತಿನಿಂದಲೇ ಬದುಕಿದವನು ಮೊದಲು ಅಲ್ಲಿಯ ಚಳಿ ಹೇಗಿದೆ ಎಂದು ಕೇಳಿದೆ. ಆಮೇಲೆ, ಎಡಗಡೆ ಕಾಣುವುದಿಲ್ಲ, ಈ ಸಲ ಆಡುವುದಿಲ್ಲ, ಇನ್ನು ಆಡುವುದೇ ಇಲ್ಲ ಎಂದೆ. ಅವನು ನಮ್ಮಿಬ್ಬರ ಆ ಒರಟು ಹಿಂದಿಯಲ್ಲಿ ಕೇಳಿದ: "ಹೋದ ವರ್ಷ ಪೂರ್ತಿ ಯಾರಿಗೆ ಎಡಕ್ಕ, ಎಡಕ್ಕ ಅಂತ ಕೂಗಿದೆ ಅಂದುಕೊಂಡಿದ್ದೀಯ? ಗಂಟಲು ಹೋಯಿತು ಮಾರಾಯ. ನೀನಾಗಿ ಹೇಳಲಿ ಅಂತ ಕಾದೆ."

ಇದು ನೀನು ಕೇಳದ ಸುದ್ದಿ ಅಪ್ಪ. ಇನ್ನು ಅವನೇ ನಾಯಕ. ಕೋಚ್‌ಗೂ ಹೇಳಿ ಮುಗಿಸಿದೆ. ಭಯ ಕಡಿಮೆಯಾಯಿತೇ ಎಂದರೆ ಇಲ್ಲ. ಸ್ಕೇಟ್ ಬಿಚ್ಚಿದ ಮೇಲೆ ನಾನು ಯಾರು, ನನ್ನ ಮಗಳ ಕಣ್ಣು ಹೇಗಿದೆ, ಬಲಗಡೆಯೂ ಹೀಗೇ ಆದರೆ... ಸೋಮವಾರ ಮಗಳನ್ನು ಬಳ್ಳಾರಿಗೆ ಕರೆದುಕೊಂಡು ಹೋಗುತ್ತೇನೆ. ಈ ಸಲ ಡಾಕ್ಟರಮ್ಮ ಕೇಳಿದರೆ ನಿನ್ನ ಹೆಸರು ಹೇಳುತ್ತೇನೆ.

ಫೋನ್ ಇಟ್ಟ ಮೇಲೆ ಜೆರ್ಸಿ ಹೊರತೆಗೆದು, ಮನೆಯಲ್ಲಿರುವ ನಿನ್ನ ಮಿಷಿನ್ನಿನ ಮುಂದೆ ಕೂತೆ. ಮೊದಲು ತಪ್ಪು ತುದಿ ಹಿಡಿದೆ, ಬರಲಿಲ್ಲ. ಇನ್ನೊಂದು ತುದಿ ಎಳೆದೆ. ಒಂದೇ ಎಳೆತ. ಕುದುರೆ ಲಾಳ ನನ್ನ ಕೈಗೆ ಬಂತು. ಕ್ಯಾಂಪಿಗೆ ಹೋಗಿ ಅದನ್ನು ನವಾಂಗನ ಎದೆಗೆ ನಾನೇ ಹೊಲಿಯುತ್ತೇನೆ, ನಿನ್ನ ಹೊಲಿಗೆಯಲ್ಲೇ. ಯಾವ ತುದಿ ಎಳೆಯಬೇಕೆಂದು ಅವನಿಗೆ ಅವತ್ತೇ ಹೇಳುತ್ತೇನೆ. ಸಿಟ್ಟು ಬಂದರೆ ಬರಲಿ.

ಅಂಗಿಗೆ ತೂತು ಬಿದ್ದಿಲ್ಲ ಅಪ್ಪ. ಬೆಳಕಿಗೆ ಹಿಡಿದು, ಕೋಳಿಯ ಹಾಗೆ ತಲೆ ಹೊರಳಿಸಿ, ಎಡಗಡೆಯೂ ನೋಡಿದೆ.