ನನ್ನ ಕಲ್ಲು, ಸೆಲಿನಾಳ ಸೆರೆಮನೆ

ಬ್ರಾಡ್‌ಫರ್ಡ್, ೧೯೧೩

ನಮ್ಮೂರಿನ ಮಾನ್ಯ ಮ್ಯಾಜಿಸ್ಟ್ರೇಟರೇ,

ತೆರಿಗೆ ಕಚೇರಿಯ ಕಿಟಕಿ ಒಡೆದವಳು ನಾನು. ಅದಕ್ಕಾಗಿ ನೀವು ಜೈಲಿಗೆ ಕಳಿಸಿದ್ದು ನನ್ನ ಗೆಳತಿ ಸೆಲಿನಾ ಹರ್ಸ್ಟ್‌ಳನ್ನು. ನನ್ನನ್ನು ಕಳಿಸಿದ್ದು ಗಂಡನ ಮನೆಗೆ! ನನಗೆ ಅವಳ ಮೇಲೆ ಎಷ್ಟು ಹೊಟ್ಟೆಕಿಚ್ಚಾಗಿದೆಯೆಂದು ಪತ್ರಿಕೆಯ ಮೂಲಕವೇ ಹೇಳುತ್ತಿದ್ದೇನೆ. ಒಡೆದವಳು ನಾನೆಂದು ನಿಮ್ಮ ಕೋರ್ಟಿನಲ್ಲಿ ಹೇಳಿದಾಗ ನೀವು ನಕ್ಕುಬಿಟ್ಟಿರಿ.

ನನಗೆ ಮದುವೆಯಾದದ್ದು ಈಸ್ಟರ್ ಮುಗಿದ ಮೇಲೆ. ನನ್ನ ವಿಲ್ಫ್ರೆಡ್‌ನಂಥ ಗಂಡ ಇಡೀ ಯಾರ್ಕ್‌ಶೈರಿನಲ್ಲಿ ಇನ್ನೊಬ್ಬನಿಲ್ಲ, ಇದನ್ನು ನಾನು ಟ್ರಾಮಿನಲ್ಲಿ ಅಪರಿಚಿತರಿಗೂ ಹೇಳುತ್ತೇನೆ. ಕಲ್ಲೆಸೆದ ಆ ಮಧ್ಯಾಹ್ನ ಅವನೂ ನಮ್ಮ ಜೊತೆ ಬಂದಿದ್ದ. ಸೆಲಿನಾ ಎಸೆದ ಕಲ್ಲು ಕುದುರೆಗಳ ನೀರಿನ ತೊಟ್ಟಿಗೆ ಬಿತ್ತು. ನಾನು ಎಸೆದದ್ದು ಗಾಜಿನ ನಟ್ಟನಡುವೆ ಹೊಕ್ಕಿತು. ಆಹಾ, ಎಂಥ ಸದ್ದು! ಹೆಂಗಸರಿಗೂ ಮತ ಕೇಳುವ ನಮ್ಮವರ ಪದ್ಧತಿಯಂತೆ, ಓಡದೆ, ಪೊಲೀಸರು ಬರುವ ತನಕ ಇಬ್ಬರೂ ಅಲ್ಲೇ ನಿಂತಿದ್ದೆವು.

ಮುಂದೆ ನಿಮ್ಮ ಕೋರ್ಟಿನಲ್ಲಿ ನಡೆದದ್ದು ನಿಮಗೆ ನೆನಪಿರಬೇಕು.

"ನಿಮ್ಮ ಯಜಮಾನರು ಅಲ್ಲೇ ಇದ್ರೇನಮ್ಮಾ?" ಎಂದು ಕೇಳಿದಿರಿ.

"ಇದ್ರು ಸ್ವಾಮಿ. ನನ್ನ ಟೋಪಿ ಹಿಡ್ಕೊಂಡು ನಿಂತಿದ್ರು."

"ಹಂಗಾದ್ರೆ ಅವರು ಹೇಳಿದ್ದಕ್ಕೇ ನೀವು ಮಾಡಿರ್ತೀರಿ. ಗಂಡ ಎದುರಿಗಿದ್ದಾಗ ಹೆಂಡ್ತಿ ಮಾಡಿದ ತಪ್ಪು ಹೆಂಡ್ತೀದಲ್ಲ. ಹೋಗಿ, ಮನೆಗೆ ಹೋಗಿ ಟೀ ಕುಡೀರಿ."

ವಿಲ್ಫ್ರೆಡ್ ಹೇಳಿದ್ದಕ್ಕೇ! ಮಾನ್ಯರೇ, ನನ್ನ ಗಂಡ ತನ್ನ ಮೊಟ್ಟೆ ಎಷ್ಟು ಬೇಯಬೇಕೆಂದು ಹೇಳಲೂ ಸಂಕೋಚಪಡುವವನು. ಅಂಥವನು ಸರ್ಕಾರದ ಗಾಜು ಒಡೆಯೆಂದು ಅಪ್ಪಣೆ ಕೊಟ್ಟನೇ? ಹೋಗಲಿ, ಕೊಟ್ಟನೆಂದೇ ಇಟ್ಟುಕೊಳ್ಳೋಣ. ಹಾಗಾದರೆ ಅಪ್ಪಣೆ ಕೊಟ್ಟವನಿಗೆ ಶಿಕ್ಷೆ ಎಲ್ಲಿ? ಅವನಿಗೆ ನೀವು ಕೈಕುಲುಕಿ "ಹೆಂಡ್ತೀನ ಸ್ವಲ್ಪ ಹದ್ದುಬಸ್ತಲ್ಲಿ ಇಟ್ಕೊಳ್ಳಪ್ಪಾ" ಎಂದಿರಿ, ಅಷ್ಟೇ. ನಾನು ತಪ್ಪು ಮಾಡಲಾರೆ, ಏಕೆಂದರೆ ಹೆಂಡತಿ. ಅವನು ಮಾಡಿಲ್ಲ, ಏಕೆಂದರೆ ಮತದಾರ. ಹಾಗಿದ್ದರೂ ಗಾಜು ಒಡೆದಿದೆಯಲ್ಲ! ಉಳಿದವಳು ಸೆಲಿನಾ. ಉಣ್ಣೆ ಗಿರಣಿಯಲ್ಲಿ ಮಗ್ಗ ನಡೆಸುವವಳು, ಮದುವೆಯಿಲ್ಲದವಳು. ತನಗೆ ಮತವಿಲ್ಲದ ಕಾನೂನಿಗೆ ಉತ್ತರಿಸುವುದಿಲ್ಲವೆಂದು ಅವಳು ಬಾಯಿ ಬಿಡಲಿಲ್ಲ. ಗಾಜನ್ನು ಅವಳ ತಲೆಗೆ ಕಟ್ಟಿದಿರಿ.

ಅಲ್ಲಿಂದ ನನ್ನ ಸಂಕಟ ಶುರುವಾಯಿತು. ಜೈಲಿನ ಬಾಗಿಲಲ್ಲಿ ನಮ್ಮವರು ಹಾಡಿದ್ದು ಅವಳಿಗಾಗಿ. ಜೈಲಿಗೆ ಹೋದವರಿಗೆ ನಮ್ಮವರು ಕೊಡುವ ಪದಕ ಅವಳಿಗೆ. ನೇರಳೆ ಹೂಗುಚ್ಛಗಳೂ ಅವಳಿಗೆ. ನನಗೆ ಬಂದದ್ದು ಮದುವೆಯ ಉಡುಗೊರೆಯ ಟೀಪಾಟುಗಳು. ಜೈಲಿನಲ್ಲಿ ಉಪವಾಸ ಹೂಡಿ ಸಾಯುವಂತಾದವರನ್ನು ಹೊರಗೆ ಬಿಟ್ಟು, ಚೇತರಿಸಿಕೊಂಡರೆಂದು ಮತ್ತೆ ಹಿಡಿದೊಯ್ಯುವ ಹೊಸ ಕಾಯ್ದೆ ಬಂದಿದೆಯಲ್ಲ, ಅದರ ಕೃಪೆಯಿಂದ ಸೆಲಿನಾ ಈಗ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಲಗಿದ್ದಾಳೆ. ಎದುರಿನ ಕಾಲುದಾರಿಯಲ್ಲಿ ನಿಮ್ಮ ಪೊಲೀಸಿನವನು ಅವಳ ಕಿಟಕಿಯನ್ನೇ ನೋಡುತ್ತ ನಿಂತಿದ್ದಾನೆ. ನಾನು ಹೊಸ ಹ್ಯಾಟು ತೊಟ್ಟು ಅವನೆದುರೇ ಹಾದುಹೋದರೂ ತಿರುಗಿ ನೋಡುವುದಿಲ್ಲ!

ನಮ್ಮ ಅತ್ತೆ, ಮತ ಕೇಳುವ ಹೆಂಗಸರಿಗೆ ಛಡಿ ಏಟು ಕೊಡಬೇಕು ಎನ್ನುತ್ತಿದ್ದವರು, ಈಗ ದಿನವೂ ಅವಳಿಗೆ ಗೋಮಾಂಸದ ಸಾರು ಹೊತ್ತು ತರುತ್ತಾರೆ.

"ಗುಂಡಿಗೆ ಅಂದ್ರೆ ಅವಳದ್ದು ಕಣೇ. ನಿಂಗೆ ಬೆರಳಿಗೆ ಸೂಜಿ ಚುಚ್ಚಿದ್ರೂ ನಮ್ಮ ವಿಲ್ಫ್ರೆಡ್ ಓಡಿ ಬರ್ಬೇಕು."

"ಅತ್ತೇ, ಆ ಕಿಟಕಿ ಒಡೆದದ್ದು ನಾನು!"

"ಹೂಂ ಹೂಂ, ನೀನೇ. ಹೋಗು, ಚಮಚ ತಗೊಂಬಾ."

ಕೊನೆಗೆ ಸೆಲಿನಾಳ ಮುಂದೆಯೇ ಸಿಡಿದೆ. ಬಲವಂತವಾಗಿ ಉಣಿಸಲು ಮೂಗಿನಿಂದ ಕೊಳವೆ ಇಳಿಸಿ ಇಳಿಸಿ ನಿಮ್ಮ ಜೈಲಿನವರು ಅವಳ ಗಂಟಲನ್ನು ಹರಿದಿದ್ದಾರೆ. ಮಾತು ಬರೀ ಉಸಿರು.

"ನನ್ನ ಕಲ್ಲು ವಾಪಸ್ ಕೊಡೇ," ಎಂದೆ.

"ಕೊಡಲ್ಲ ಹೋಗೇ. ಜನ್ಮದಲ್ಲಿ ಒಂದ್ಸಲ ನನ್ನ ಗುರಿ ತಪ್ಪಲಿಲ್ಲ ಅಂತ ಊರೆಲ್ಲ ನಂಬಿದೆ."

ನಗಲು ಹೋಗಿ ಕೆಮ್ಮಿದಳು. ಕರವಸ್ತ್ರದಲ್ಲಿ ರಕ್ತ ಕಂಡಿತು. ಇನ್ನೊಮ್ಮೆ ಒಳಗೆ ಹೋದರೆ ಅವಳು ಹೊರಗೆ ಬರುವುದಿಲ್ಲವೆಂದು ಡಾಕ್ಟರು ವಿಲ್ಫ್ರೆಡ್‌ನನ್ನು ಅಡುಗೆಮನೆಗೆ ಕರೆದು ಹೇಳಿದ್ದಾರೆ. ಅವನಿಗೆ ಮಾತ್ರ, ನನಗಲ್ಲ. ಹೊಸ ಮದುವಣಗಿತ್ತಿ ನೊಂದುಕೊಳ್ಳಬಾರದಂತೆ! ಗುರುವಾರ ನಿಮ್ಮ ಪೊಲೀಸರು ಅವಳನ್ನು ಒಯ್ಯಲು ಬರುತ್ತಾರೆ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಇಷ್ಟೇ: ಸೆಲಿನಾಳ ಉಳಿದ ಶಿಕ್ಷೆ ನನ್ನದು, ನನಗೆ ಕೊಡಿ. ಹೊಗಳಿಕೆಯನ್ನು ಅವಳೇ ಇಟ್ಟುಕೊಳ್ಳಲಿ, ಪದಕವನ್ನೂ. ನನಗೆ ಹೊಟ್ಟೆಕಿಚ್ಚು ಇದ್ದೇ ಇದೆ, ಆದರೆ ಅದನ್ನು ತೋರಿಸಲು ಅವಳು ಬದುಕಿರಬೇಕು.

ನಂಬಿಕೆಯಿಲ್ಲದಿದ್ದರೆ ಬುಧವಾರ ಮಧ್ಯಾಹ್ನ ತೆರಿಗೆ ಕಚೇರಿಯ ಮುಂದೆ ಬಂದು ನಿಲ್ಲಿ. ಹೊಸ ಗಾಜು ಹಾಕಿದ್ದಾರೆ. ಸೆಲಿನಾ ಹಾಸಿಗೆಯಲ್ಲಿರುತ್ತಾಳೆ, ಅದಕ್ಕೆ ನಿಮ್ಮ ಪೊಲೀಸಿನವನೇ ಸಾಕ್ಷಿ. ವಿಲ್ಫ್ರೆಡ್‌ನನ್ನು ಈ ಬೆಳಗಿನ ರೈಲಿಗೆ ಹತ್ತಿಸಿ ಸ್ಕಾರ್ಬರೋದ ಚಿಕ್ಕಪ್ಪನ ಮನೆಗೆ ಕಳಿಸಿಬಿಟ್ಟಿದ್ದೇನೆ. ಮದುವೆಯಾದ ಮೇಲೆ ನಾವು ಬೇರೆಬೇರೆ ಇರುವುದು ಇದೇ ಮೊದಲು. ಅವನು ಪ್ಲಾಟ್‌ಫಾರಂ ಮೇಲೆಯೇ ಅತ್ತ, ನಾನು ಮನೆಗೆ ಬಂದು ಅತ್ತೆ. ಈ ಸಲ ನನ್ನ ಟೋಪಿ ನನ್ನ ತಲೆಯ ಮೇಲೇ ಇರುತ್ತದೆ.

ಇಂತಿ,
ಬುಧವಾರ ಗಂಡನಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ ಬರುವ
ಹೆಟ್ಟಿ ಆಕ್ರಾಯ್ಡ್