ಎರಡನೇ ಕ್ಯಾಮೆರಾ

ಏ ಜಗಳಗಂಟಿ,

ಮದುವೆ ಫೋಟೊ ಕೆಲಸ ಜೊತೆಗೇ ಶುರುಮಾಡೋಣ ಅಂದೋಳು ಮುನಿಸಿಕೊಂಡು ಹೋದೆ. ಇವತ್ತು ಕ್ಯಾಮೆರಾ ಕೊಳ್ಳೋಕೆ ನಾನೊಬ್ಬಳೇ ಹೋಗಬೇಕಾಯ್ತು. ಎರಡು ತೋರಿಸಿ ಅಂದ್ರೆ ಅಂಗಡಿಯವನು ಹಕ್ಕಿ ಫೋಟೊ ತೆಗೆಯೋ ಮಾರುದ್ದದ ಲೆನ್ಸ್ ತಂದಿಟ್ಟ. "ಮದುಮಗಳೇನು ಮರದ ಮೇಲೆ ಕೂತಿರ್ತಾಳೇನಣ್ಣಾ?" ಅಂದೆ. ತಲೆ ಚಿಟ್ಟು ಹಿಡಿದುಹೋಯ್ತು. ಹೇಗೋ ಮಂದ ಬೆಳಕಲ್ಲೂ ಚೆನ್ನಾಗಿ ಬರೋದೊಂದು ಆರಿಸಿದೆ. ಎರಡನೇದಕ್ಕೆ ಮಾತ್ರ ಯಾವುದು ಕೊಟ್ಟರೂ ಬೇಡ ಅಂದೆ. ಕ್ಯಾಮೆರಾ ಕಿಂಡಿಗೆ ಎಡಗಣ್ಣಿಟ್ಟು ನೋಡಿದರೆ ಮೂಗು ಹಿಂದಿನ ಸ್ಕ್ರೀನಿಗೆ ಒತ್ತುತ್ತೆ, ಬೆವರು ಮೆತ್ತುತ್ತೆ. ಕೊನೆಗೆ ಅವನಿಗೂ ರೇಗಿತು. "ಮೊದಲನೇದನ್ನ ಬಲಗಣ್ಣಲ್ಲೇ ನೋಡಿದ್ರಲ್ಲ ಮೇಡಂ, ಇದಕ್ಯಾಕೆ ಎಡಗಣ್ಣು?"

ಎಡಗಣ್ಣಲ್ಲಿ ನೋಡೋಳು ನೀನು ಕಣೇ.

ಒಂದೇ ಸಾಕು ಅಂದೆ.