ಫ್ಯಾನ್ ಕಿತ್ತ ಹನ್ನೊಂದು ದಿನ

ಮಾರ್ಚ್ 4, ಬೆಳಗ್ಗೆ 11

ರೆಕಾರ್ಡಿಂಗಿನಲ್ಲಿ ಮತ್ತೆ ಚರಚರ. ಅಕ್ಕ ಒಂದು ವಾಕ್ಯ ಓದಿ ಮುಗಿಸುವಷ್ಟರಲ್ಲಿ ನಾಲ್ಕು ಸಲ. ಮೈಕ್ ಬದಲಿಸಿದೆ. ಕಂಪ್ಯೂಟರಿನ ಮುಂದಿನ ತೂತು ಬಿಟ್ಟು ಹಿಂದಿನದಕ್ಕೆ ಚುಚ್ಚಿದೆ. ಸೌಂಡ್ ಡ್ರೈವರ್ ಎರಡು ಸಲ ತೆಗೆದು ಹಾಕಿದೆ. ಜಪ್ಪಯ್ಯ ಅಂದರೂ ಹೋಗುತ್ತಿಲ್ಲ. ಹನ್ನೆರಡು ವರ್ಷದ ಕಂಪ್ಯೂಟರ್, ಕೊಂಡಾಗಲೇ ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು.

ಇಪ್ಪತ್ತೆಂಟಕ್ಕೆ ಅಕ್ಕನ ಆಪರೇಷನ್. ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯೂ ಹೋಗುತ್ತದೆ. ಆಮೇಲೆ ಮಾತಿಲ್ಲ. ಅದಕ್ಕೇ ಈ ಸಾವಿರದಿನ್ನೂರು ವಾಕ್ಯ. ಅಷ್ಟನ್ನೂ ಓದಿ ಒಂದು ಸೈಟಿಗೆ ಒಟ್ಟಿಗೆ ಕಳಿಸಿದರೆ, ಮುಂದೆ ಅವಳು ಟೈಪ್ ಮಾಡಿದ್ದನ್ನೆಲ್ಲ ಅವಳದೇ ದನಿಯಲ್ಲಿ ಮಾತಾಡುವ ಹಾಗೆ ಮಾಡಿಕೊಡುತ್ತಾರಂತೆ. ಆಸ್ಪತ್ರೆಯ ಸ್ಪೀಚ್ ಮೇಡಂ ಹೇಳಿದ್ದು.

"ಆಫೀಸಿನ ಲ್ಯಾಪ್‌ಟಾಪ್ ಕೇಳಿ ತರ್ಲಾ?" ಅಂದರು ಭಾವ.

"ಇಪ್ಪತ್ತು ವರ್ಷದಿಂದ ಹೊಲಿಗೆ ಮೆಷಿನ್ ರಿಪೇರಿ ಮಾಡ್ತಿದೀನಿ ಭಾವ. ಸದ್ದು ಕೇಳಿದ್ರೆ ಸಾಕು, ಎಲ್ಲಿ ಏನಾಗಿದೆ ಅಂತ ಹೇಳ್ತೀನಿ."

ಹೂಂ ಅಂದರು. ಪಾಪದ ಮನುಷ್ಯ.

ಮಾರ್ಚ್ 7, ಸಂಜೆ 5

ಸಿಕ್ಕಿತು! ತಪ್ಪು ಮೈಕಿನದಲ್ಲ. ಪ್ರೊಸೆಸರ್‌ಗೆ ಓಟ ಸಾಲುತ್ತಿಲ್ಲ. ರೆಕಾರ್ಡ್ ಆಗುವಾಗ ಉಸಿರು ಕಟ್ಟುತ್ತದೆ, ಆ ಗ್ಯಾಪಿನಲ್ಲೇ ಚರಚರ. ಬಯಾಸ್‌ಗೆ, ಅಂದರೆ ಒಳಗಿನ ಸೆಟ್ಟಿಂಗಿಗೆ, ಹೋಗಿ ಅದರ ಓಟದ ಸ್ಪೀಡ್ ಏರಿಸಿದೆ. 200 ಇದ್ದದ್ದು 210… 220… 240. ಓವರ್‌ಕ್ಲಾಕ್ ಅನ್ನುತ್ತಾರೆ. ಮುದಿ ಎತ್ತಿಗೆ ಚಾಟಿ ಅನ್ನಬಹುದು.

ಚರಚರ ಮಾಯ. ಅಕ್ಕನ ದನಿ ಗಾಜಿನಷ್ಟು ನಿಚ್ಚಳ. ಕೇಳುತ್ತಾ ಕಣ್ಣು ಒದ್ದೆಯಾಯಿತು. ಅವಳಿಗೆ ಕಾಣದಂತೆ ಒರೆಸಿಕೊಂಡೆ.

ಮಾರ್ಚ್ 9, ಮಧ್ಯಾಹ್ನ

ಒಂದು ಹೋಗಿ ಇನ್ನೊಂದು. ಬಿಸಿ ಏರಿದ್ದಕ್ಕೆ ಫ್ಯಾನ್ ಕಿರುಚುತ್ತದೆ. ರೆಕಾರ್ಡಿಂಗಿನ ಹಿಂದೆಲ್ಲ ಗೊರ್ರ್. ಸ್ಪೀಚ್ ಮೇಡಂ ಫೋನಿನಲ್ಲಿ, "ಹಿಂದೆ ಒಂಚೂರೂ ಸದ್ದು ಇರಬಾರ್ದು. ಅದೊಂದು ನೋಡ್ಕೊಳ್ಳಿ."

ನೋಡಿಕೊಂಡೆ. ಪೆಟ್ಟಿಗೆಯ ಪಕ್ಕ ಬಿಚ್ಚಿ ಫ್ಯಾನಿನ ವೈರ್ ಕಿತ್ತೆ. ಇಪ್ಪತ್ತು ನಿಮಿಷ ಓದು, ಹತ್ತು ನಿಮಿಷ ಫ್ಯಾನ್, ಮತ್ತೆ ಇಪ್ಪತ್ತು ನಿಮಿಷ. ಕೋಣೆ ಎಷ್ಟು ನಿಶ್ಶಬ್ದ ಅಂದರೆ ಅಕ್ಕ ಉಗುಳು ನುಂಗಿದ್ದೂ ಕೇಳುತ್ತದೆ. ಕಷ್ಟಪಟ್ಟು ನುಂಗುತ್ತಾಳೆ.

ಹಳೆಯ ಐದು ದಿನದ್ದನ್ನೆಲ್ಲ ಅಳಿಸಿದೆ. ಮೊದಲಿನಿಂದ ಶುರು.

ಮಾರ್ಚ್ 11

ಇನ್ನೂರ ಎಂಬತ್ತು ಆಯಿತು. ಪಟ್ಟಿಯಲ್ಲಿ ಕೊಟ್ಟ ವಾಕ್ಯಗಳೋ, ದೇವರಿಗೇ ಪ್ರೀತಿ. "ಬಾಗಿಲ ಹತ್ತಿರ ಮೂರು ಕೊಡೆಗಳಿವೆ." "ಕುದುರೆ ಗಾಡಿಯವನು ಒಗ್ಗರಣೆ ಹಾಕಿದನು."

"ಇಂಥಾ ಮಾತು ಜನ್ಮದಲ್ಲಿ ಆಡಿಲ್ಲ ಕಣೋ ನಾನು" ಅಂದಳು ಅಕ್ಕ. "ಆಪರೇಷನ್ ಆದ್ಮೇಲೆ ಬರೀ ಇದೇ ಬಂದ್ರೆ?"

"ಭಾವನಿಗೆ ಅಭ್ಯಾಸ ಇದೆ ಬಿಡು. ಅರ್ಥ ಆಗದಿದ್ರೂ ಹೂಂ ಅಂತಾರೆ."

ನಗಲು ಹೋಗಿ ಕೆಮ್ಮಿದಳು. ಅರ್ಧ ಗಂಟೆ ಹಾಳು. ಇನ್ನು ನಗಿಸಬಾರದು.

ದಿನಾ ಶುರುವಿನ ಎರಡು ಫೈಲ್ ಹಾಕಿ ಕೇಳಿ, ಸರಿ ಇದೆ ಅಂತ ಖಾತ್ರಿ ಮಾಡಿಕೊಂಡೇ ಮುಂದಿನದು. ನನ್ನ ಕೆಲಸ ಅಂದರೆ ಹಾಗೆ.

ಮಾರ್ಚ್ 15, ಬೆಳಗ್ಗೆ 10

ಎರಡು ಸಲ ನಿಂತುಹೋಯಿತು. ಪರದೆ ಗಟ್ಟಿ, ಮೌಸ್ ಗಟ್ಟಿ. ಸ್ವಿಚ್ ಆರಿಸಿ ಮತ್ತೆ ಹಾಕಿದೆ. ವೋಲ್ಟೇಜ್ ಸ್ವಲ್ಪ ಏರಿಸಿದೆ, ನಿಂತಿತು ತಕರಾರು. ಪೆಟ್ಟಿಗೆಯೊಳಗೆ ಕೈಯಿಟ್ಟರೆ ಸುಡುತ್ತದೆ. ಸುಟ್ಟ ವಾರ್ನಿಷ್‌ನಂಥ ವಾಸನೆ.

ಅಕ್ಕನ ದನಿ ಸಂಜೆಗೆ ಒಡೆಯುತ್ತದೆ. ಕಂಪ್ಯೂಟರ್ ಮೊದಲು ಸಾಯುತ್ತದೋ ದನಿಯೋ ಅನ್ನಿಸಿ ಭಯವಾಯಿತು. ಇಲ್ಲಿ ಮಾತ್ರ ಬರೆಯುತ್ತಿದ್ದೇನೆ.

ಮಾರ್ಚ್ 19, ಮಧ್ಯಾಹ್ನ 1

ಮುಗಿಯಿತು. ಸಾವಿರದಿನ್ನೂರು.

ಕೊನೆಗೆ ಅಕ್ಕ ಪಟ್ಟಿ ಮಡಚಿಟ್ಟು, "ಇನ್ನೊಂಚೂರು ಆನ್ ಇರ್ಲಿ" ಅಂದಳು. ಆರು ವರ್ಷದ ಮಗಳಿಗೆ ಅಂತ ತನ್ನದೇ ಹತ್ತು ಮಾತು. "ಪುಟ್ಟಿ, ಜಡೆ ಹಾಕ್ಲಾ ಬಾ." "ಹೆದರ್ಬೇಡ, ಇಲ್ಲೇ ಇದೀನಿ." ಹತ್ತನೆಯದು ನನಗೆ ಸರಿಯಾಗಿ ಕೇಳಿಸಲಿಲ್ಲ, ಹೊರಗೆ ಹೋಗಿಬಿಟ್ಟಿದ್ದೆ.

ಎರಡು ಪೆನ್‌ಡ್ರೈವ್‌ಗೂ ಕಾಪಿ ಮಾಡಿದೆ. ಒಟ್ಟು ಮೂರು ಕಡೆ ಭದ್ರ. ನಾಳೆ ಕಳಿಸಬೇಕು. ಫ್ಯಾನ್ ಸಿಕ್ಕಿಸಿದೆ. ಭಾವ ಕೈ ಹಿಡಿದು, "ನೀನಿಲ್ದಿದ್ರೆ ಆಗ್ತಿರ್ಲಿಲ್ಲಪ್ಪ" ಅಂದರು. ಖುಷಿಯಾಯಿತು, ಯಾಕೆ ಸುಳ್ಳು ಹೇಳಲಿ.

ಮಾರ್ಚ್ 21, ಬೆಳಗ್ಗೆ 8

ಅಕ್ಕನಿಗೆ ನಿನ್ನೆ ಉಸಿರಾಟ ಕಷ್ಟವಾಗಿ ಆಸ್ಪತ್ರೆಗೆ ಸೇರಿಸಿದ್ದೇವೆ. ಕಾಯಲಾಗದು ಅಂದರು ಡಾಕ್ಟರ್. ಇಪ್ಪತ್ತಮೂರಕ್ಕೇ ಆಪರೇಷನ್.

ಫೈಲ್ ಕಳಿಸಲು ಮನೆಗೆ ಬಂದೆ.

ಮಾರ್ಚ್ 21, ಬೆಳಗ್ಗೆ 11.30

ಕಳಿಸಿದ್ದು ವಾಪಸ್ ಬಂತು. ಸಾವಿರದ ಇನ್ನೂರರಲ್ಲಿ ನೆಟ್ಟಗಿರುವುದು ಎಂಬತ್ತಾರು. ಉಳಿದವು ಹಾಳು ಅಂತ ಬರುತ್ತಿದೆ.

ಸೈಟಿನ ತಪ್ಪು ಅಂದುಕೊಂಡೆ. ಒಂದು ತೆಗೆದೆ. ಹೆಸರು ಸರಿ, ಸೈಜ್ ಸರಿ. ಒತ್ತಿದರೆ ಬರೀ ಕೊರ್ರ್ ಅಂತ ಸದ್ದು. ಇನ್ನೊಂದು. ಇನ್ನೊಂದು. ಪೆನ್‌ಡ್ರೈವ್‌ನಲ್ಲೂ ಅದೇ.

ದಿನಾ ಬೆಳಗಿನ ಮೊದಲ ಏಳೆಂಟು ಚೆನ್ನಾಗಿವೆ. ಮೆಷಿನ್ ತಣ್ಣಗಿದ್ದಾಗಿನವು. ನಾನು ಕೇಳುತ್ತಿದ್ದದ್ದೂ ಅವನ್ನೇ. ಬಿಸಿಯಾದ ಮೇಲೆ ಬರೆದದ್ದನ್ನೆಲ್ಲ ಅದು ಕಲಸಿ ಬರೆದಿದೆ, ಎಲ್ಲ ಸರಿ ಇದೆ ಅಂತ ನನಗೆ ತೋರಿಸುತ್ತಾ. ಫ್ಯಾನ್ ಕಿತ್ತವನು ನಾನು. ಸ್ಪೀಡ್ ಏರಿಸಿದವನೂ. ಮೂರು ಕಡೆ ಭದ್ರ ಮಾಡಿದ್ದು ಕಸ.

ಪುಟ್ಟಿಯ ಹತ್ತೂ ಹೋಗಿವೆ. ದಿನದ ಕೊನೆಯವಲ್ಲವೇ.

ಮಾರ್ಚ್ 22, ಸಂಜೆ 4, ಆಸ್ಪತ್ರೆ

"ಕಳ್ಸಿದ್ಯಾ?" ಪಿಸುದನಿಯಲ್ಲಿ ಕೇಳಿದಳು.

"ಹೂಂ ಅಕ್ಕ."

ಹೇಗೆ ಬಂತೋ ಬಾಯಿಗೆ. ಒಮ್ಮೆ ಬಂದ ಮೇಲೆ ನುಂಗುವುದು ಹೇಗೆ.

ಫೋನ್ ತೆಗೆದು, "ಒಂದೆರಡು ಮಾತು ಇದ್ರಲ್ಲೂ ಆಡು, ಸುಮ್ನೆ" ಅಂದೆ.

"ಸಾವಿರದಿನ್ನೂರು ಸಾಲ್ದಾ ನಿಂಗೆ? ಗಂಟಲು ಉರೀತಿದೆ ಕಣೋ." ಕಣ್ಣು ಮುಚ್ಚಿದಳು. ಇನ್ನೂ ದನಿ ಇದೆ, ನಾಲ್ಕು ಮಾತಿಗಾಗುವಷ್ಟು. ಅದನ್ನು ಆಡುತ್ತಿಲ್ಲ. ನನ್ನ ಮೇಲಿನ ನಂಬಿಕೆಯಿಂದ ಆಡುತ್ತಿಲ್ಲ.

ಭಾವನಿಗೂ ಹೇಳಿಲ್ಲ. ನಾನು ಹೇಡಿ.

ಮಾರ್ಚ್ 23, ಬೆಳಗ್ಗೆ 9.40

ಥಿಯೇಟರ್ ಬಾಗಿಲ ಹೊರಗೆ ಟ್ರಾಲಿ ನಿಂತಿದೆ. ಒಳಗೆ ಇನ್ನೂ ಸಿದ್ಧವಾಗಿಲ್ಲ, ಐದು ನಿಮಿಷ ಅಂದರು ನರ್ಸ್. ಭಾವ ಸಹಿ ಹಾಕಲು ಹೋಗಿದ್ದಾರೆ. ನಾನು ಎದುರಿನ ಬೆಂಚಿನಲ್ಲಿ. ಸುಮ್ಮನೆ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ.

ವಾರ್ಡಿನಿಂದ ಬರುವಾಗ ಜೇಬಿನಲ್ಲಿ ಫೋನ್ ರೆಕಾರ್ಡ್‌ಗೆ ಹಾಕಿಕೊಂಡು ಟ್ರಾಲಿಯ ಪಕ್ಕದಲ್ಲೇ ನಡೆದೆ. ಒಂದು ನಿಮಿಷ ಹನ್ನೆರಡು ಸೆಕೆಂಡ್. ಬರೀ ಚಕ್ರದ ಸದ್ದು.

ಪುಟ್ಟಿ ಟ್ರಾಲಿಯ ಕಂಬಿ ಹಿಡಿದು, "ಅಮ್ಮಾ, ಏನಾದ್ರೂ ಹೇಳು" ಅಂದಳು. ಅಕ್ಕ ತುಟಿಯ ಮೇಲೆ ಬೆರಳಿಟ್ಟು ನಕ್ಕಳು. ಆಮೇಲೆ ಆ ಬೆರಳನ್ನು ನನ್ನ ಕಡೆ ತೋರಿಸಿದಳು.

ಪುಟ್ಟಿ ಓಡಿ ಬಂದಳು. "ಮಾಮ, ಅಮ್ಮನ್ ಮಾತೆಲ್ಲ ನಿನ್ ಹತ್ರ ಇದ್ಯಂತಲ್ಲ? ಒಂದು ಹಾಕು, ಕೇಳ್ತೀನಿ."

ನಿಜ ಹೇಳಿದರೆ ಅಕ್ಕ ಆ ಸಂಕಟ ಹೊತ್ತೇ ಒಳಗೆ ಹೋಗುತ್ತಾಳೆ. ಹೇಳದಿದ್ದರೆ ಈ ಮಗುವಿಗೆ ಅಮ್ಮನ ದನಿ ಎಂದೂ… ಒಂದು ಮಾತು ಸಾಕು, ಮಗಳ ಹೆಸರು ಹಿಡಿದು ಕರೆದರೂ ಸಾಕು. ಬೈಯಲಿ ನನ್ನನ್ನು, ಬೈದರೆ ಅದೂ ದನಿಯೇ.

ಬಾಗಿಲು ತೆಗೆದರು. ಅಕ್ಕ, ತಾಳು —